ಪ್ರಥಮ ಚಿಕಿತ್ಸೆಗೆ ಎರಡು ಕೀಲಿ

ಎಲ್ಲರೂ ಆಪತ್ತು ಬಂದ ಮೇಲೆ ಹೆದರುತ್ತಾರೆ. ನಾನು ಮುಂಗಡ ಹೆದರುವವಳು. ಆಪತ್ತು ಇನ್ನೂ ಮನೆಯಿಂದ ಹೊರಟಿರುವುದಿಲ್ಲ, ಅದಕ್ಕೆ ನನ್ನ ವಿಳಾಸವೂ ಗೊತ್ತಿರುವುದಿಲ್ಲ, ಅಷ್ಟರಲ್ಲಿ ನಾನು ಅದರ ಸಲುವಾಗಿ ಬೆವರಿ ಮುಗಿಸಿರುತ್ತೇನೆ. ಕುಕ್ಕರ್ ಎರಡನೇ ಸೀಟಿ ಹಾಕುವ ಹೊತ್ತಿಗೆ ನಾನು ಅಡುಗೆಮನೆ ಬಿಟ್ಟು ಹಾಲಿಗೆ ಬಂದಿರುತ್ತೇನೆ. ಲಿಫ್ಟಿನಲ್ಲಿ ಒಬ್ಬಳೇ ಹೋಗುವುದಿಲ್ಲ. ಜನ ತುಂಬಿದ್ದರೆ ಮೊದಲೇ ಹೋಗುವುದಿಲ್ಲ. ನನ್ನ ಗಂಡ ನೌಕಾಪಡೆಯವರು, ನಡುಸಮುದ್ರದ ಬಿರುಗಾಳಿಯನ್ನು ಕಂಡು ಬಂದವರು. ಅವರು ಬಲ್ಬ್ ಬದಲಾಯಿಸಲು ಸ್ಟೂಲ್ ಹತ್ತಿದರೆ ಕೆಳಗೆ ನಿಂತು ಎರಡೂ ಕಾಲು ಹಿಡಿದುಕೊಳ್ಳುತ್ತೇನೆ. "ಏ ಸುಮಾ, ಕಾಲ ಬಿಡ ಮೊದಲ. ನೀ ಹಿಡಕೊಂಡಿದ್ದಕ್ಕನ ಬೀಳ್ತೀನಿ ನಾ," ಎಂದು ಅವರು ಮೇಲಿಂದ ಕೂಗುತ್ತಾರೆ. ಇಷ್ಟಾದರೂ ಬಿಡುವುದಿಲ್ಲ.

ಇಂಥವಳ ಕೈಗೆ ಬ್ಯಾಂಕು ಮರಗಳನ್ನು ಒಪ್ಪಿಸಿತು. ನಾವು ಬಾಗಲಕೋಟೆ ಕಡೆಯವರು. ಗಂಡನ ಕೆಲಸ ವಿಶಾಖಪಟ್ಟಣದಲ್ಲಿ. ನನ್ನ ಬ್ಯಾಂಕು ನನ್ನನ್ನು ಮೂರು ವರ್ಷ ವಿಜಯವಾಡದಲ್ಲಿ ಇಟ್ಟುಕೊಂಡು, ಆಮೇಲೆ ಕರುಣೆ ಬಂದು ಇಲ್ಲಿಗೆ ಕಳಿಸಿತು. ಊರಿನ ಅಂಚಿನ ಪೆಂಡುರ್ತಿಯಲ್ಲಿರುವ ಬ್ಯಾಂಕ್ ಕ್ವಾರ್ಟರ್ಸಿನಲ್ಲಿ ಮನೆ. ಕಚೇರಿಯಲ್ಲಿ ನನ್ನ ವಿಭಾಗಕ್ಕೂ ಸಾಲ, ಠೇವಣಿಗಳಿಗೂ ಸಂಬಂಧವಿಲ್ಲ. ಬ್ಯಾಂಕಿಗೆ ಸೇರಿದ ಕಟ್ಟಡ, ಕುರ್ಚಿ, ಸೋರುವ ನಲ್ಲಿ, ಕೆಟ್ಟ ಜನರೇಟರ್ ಇವೆಲ್ಲ ನನ್ನ ಸುಪರ್ದಿನಲ್ಲಿವೆ. ಕ್ವಾರ್ಟರ್ಸಿನ ಅಂಗಳದಲ್ಲಿರುವ ದೊಡ್ಡ ದೊಡ್ಡ ಮರಗಳೂ ಅದೇ ಪಟ್ಟಿಯಲ್ಲಿ ಸೇರಿವೆ. ಇಲ್ಲಿ ಮಳೆಗಾಲ ಮುಗಿಯುತ್ತಾ ಬಂತೆಂದರೆ ಚಂಡಮಾರುತದ ಕಾಲ. ಎಲ್ಲರೂ ಆಕಾಶ ನೋಡಿದರೆ ನಾನು ಕೊಂಬೆ ನೋಡುತ್ತೇನೆ. ಈ ಸಲ ನಮ್ಮ ಸಾಹೇಬರು ಕರೆದು, "ಕೊಂಬೆ ಇಳಿಸುವವರನ್ನು ಕರೆಸಿ. ಜೊತೆಗೆ ಅವರಿಗೆ ಸರಿಹೊಂದುವ ಒಂದು ಫಸ್ಟ್ ಏಡ್ ಕಿಟ್ ನೀವೇ ಆರಿಸಿ ಇಡಿ. ಮೇಲಿನಿಂದ ಸುತ್ತೋಲೆ ಬಂದಿದೆ," ಎಂದರು. ಕೊಂಬೆ ಇಳಿಸಬೇಕೆಂದಾಗ ಅರ್ಧ ಹೆದರಿದ್ದೆ. ಕಿಟ್ ಎಂದಾಗ ಪೂರ್ತಿ ಹೆದರಿದೆ.

ಮರದ ಕೆಲಸಕ್ಕೆ ಬಂದವರು ಮೂವರು. ಮರ ಹತ್ತುವ ಅಪ್ಪಲರಾಜು, ಕೆಳಗೆ ಹಗ್ಗ ಹಿಡಿಯುವ ಅವರ ಭಾವಮೈದುನ ಸಿಂಹಾಚಲಂ, ಬಿದ್ದ ಕೊಂಬೆ ಎಳೆದು ರಾಶಿ ಹಾಕುವ ಅಪ್ಪಲರಾಜುವಿನ ಹೆಂಡತಿ ಮಂಗಮ್ಮ. "ಗಾಯ ಆದರೆ ಏನು ಮಾಡುತ್ತೀರಿ?" ಎಂದು ನನ್ನ ಹರಕುಮುರುಕು ತೆಲುಗಿನಲ್ಲಿ ಕೇಳಿದೆ. ಮಂಗಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಅರಿಶಿನದ ಪೊಟ್ಟಣ ತೋರಿಸಿದಳು. ಅಪ್ಪಲರಾಜು ಹೆಗಲ ಮೇಲಿನ ಟವೆಲನ್ನು ತಟ್ಟಿ, "ಏಮೀ ಕಾದಮ್ಮಾ," ಎಂದರು, ಅಂದರೆ ಏನೂ ಆಗೋದಿಲ್ಲ. ಮೂವತ್ತು ವರ್ಷದಿಂದ ಏನೂ ಆಗಿಲ್ಲವಂತೆ. ನಾನು ಬೇರೆಯೇ ಲೆಕ್ಕ ಹಾಕಿದೆ. ಮೂವತ್ತು ವರ್ಷ ಏನೂ ಆಗಿಲ್ಲವೆಂದರೆ ಆಗಬೇಕಾದದ್ದೆಲ್ಲ ನನ್ನ ಕ್ವಾರ್ಟರ್ಸಿಗೇ ಬಾಕಿ ಉಳಿದಿದೆ ಎಂದು ಅರ್ಥವಲ್ಲವೇ?

ಆ ವಾರ ವಿಜಯವಾಡದಲ್ಲಿ ಎರಡು ದಿನದ ಸಭೆಯಿತ್ತು. ಸಭೆ ಮುಗಿಸಿ ಒನ್ ಟೌನಿನ ಸಗಟು ಅಂಗಡಿಗಳ ಗಲ್ಲಿಗೆ ಹೋದೆ. ಔಷಧದ ಅಂಗಡಿಯವರು ಒಂದಾದ ಮೇಲೊಂದು ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟರು: ಕಾರಿಗೆ ಒಂದು, ಶಾಲೆಗೆ ಒಂದು, ಆಫೀಸಿಗೆ ಒಂದು. ಆಫೀಸಿನ ಡಬ್ಬಿಯಲ್ಲಿ ಬೆರಳಿಗೆ ಹಚ್ಚುವ ಪಟ್ಟಿ, ತಲೆನೋವಿನ ಮುಲಾಮು, ಹೊಟ್ಟೆ ಉಬ್ಬರದ ಮಾತ್ರೆಗಳಿದ್ದವು. ನಮ್ಮ ಆಫೀಸನ್ನು ಅಂಗಡಿಯವರು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದರು. "ಮರ ಹತ್ತುವವರಿಗೆ ಬೇಕು, ಮೋಟಾರ್ ಗರಗಸ ಹಿಡಿದುಕೊಂಡು," ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಅಂಥವರು ಯಾರೂ ಇಲ್ಲಿಗೆ ಬಂದು ಕೊಂಡಿದ್ದಿಲ್ಲ ಮೇಡಂ. ಏನು ಬೇಕಾಗುತ್ತದೆ ಅಂತ ಗರಗಸದವರನ್ನೇ ಕೇಳಿ ಬನ್ನಿ," ಎಂದು ಆಟೋನಗರದ ಒಬ್ಬ ರಿಪೇರಿಯವರ ಗುರುತು ಹೇಳಿದರು.

ಮರುದಿನ ಬೆಳಿಗ್ಗೆ ಆಟೋನಗರಕ್ಕೆ ಹೋದೆ. ಲಾರಿಗಳ ಹೊಟ್ಟೆ ಬಗೆದು ಹಾಕಿದ ಬೀದಿಗಳನ್ನು ದಾಟಿ ಹುಡುಕಿದಾಗ ವೆಂಕಟೇಶ್ವರ್ಲು ಎಂಬ ವಯಸ್ಸಾದ ಮೆಕ್ಯಾನಿಕ್ ಸಿಕ್ಕರು. ಸುತ್ತಲೂ ಮೋಟಾರ್ ಗರಗಸಗಳು ಬಿಚ್ಚಿ ಬಿದ್ದಿದ್ದವು. ನನಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ತಮ್ಮ ಲೋಟವನ್ನು ಎಡಗೈಯಲ್ಲಿ ಎತ್ತಿಕೊಂಡರು. ಆ ಕೈಯಲ್ಲಿ ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು. ನಾನು ಚಹಾ ಕುಡಿಯುವುದನ್ನು ನಿಲ್ಲಿಸಿದೆ. ಅವರು ನಿಲ್ಲಿಸಲಿಲ್ಲ. "ಇದು ಚಾಕುವಿನ ಗಾಯದ ಹಾಗಲ್ಲಮ್ಮಾ. ಚಾಕು ಕೊಯ್ಯುತ್ತದೆ, ಇದು ಹರಿಯುತ್ತದೆ. ಬೆರಳಪಟ್ಟಿ ಹಚ್ಚುವಷ್ಟು ಚಿಕ್ಕ ಗಾಯ ಇದು ಮಾಡುವುದೇ ಇಲ್ಲ. ಅಂಗೈಗಿಂತ ದೊಡ್ಡ ದಪ್ಪ ಪ್ಯಾಡ್ ಬೇಕು, ಅಗಲ ಬ್ಯಾಂಡೇಜ್ ಬೇಕು, ಬಟ್ಟೆ ಕತ್ತರಿಸಲು ಒಳ್ಳೆಯ ಕತ್ತರಿ ಬೇಕು. ಒತ್ತಿ ಹಿಡಿಯಬೇಕು, ಎತ್ತಿ ಎತ್ತಿ ನೋಡಬಾರದು," ಎಂದರು. ನಾನು ಎಲ್ಲವನ್ನೂ ಬರೆದುಕೊಂಡೆ. ಕೊನೆಗೆ ಅವರು, "ಎಲ್ಲಕ್ಕಿಂತ ಮುಖ್ಯ, ಡಬ್ಬಿ ಕೈಗೆಟುಕುವ ಹಾಗಿರಲಿ. ನನ್ನದು ಹೋದಾಗ ಡಬ್ಬಿ ಯಜಮಾನರ ರೂಮಿನಲ್ಲಿತ್ತು, ಯಜಮಾನರು ಊಟಕ್ಕೆ ಹೋಗಿದ್ದರು," ಎಂದರು. ಅದನ್ನೂ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ.

ಒನ್ ಟೌನಿಗೆ ವಾಪಸು ಹೋಗಿ ಪಟ್ಟಿ ಹಿಡಿದು ಒಂದೊಂದಾಗಿ ಆರಿಸಿದೆ. ಹೆದರುವವರಿಗೆ ಸಾಮಾನು ಆರಿಸಲು ಬಿಟ್ಟರೆ ಏನಾಗುತ್ತದೆಂದು ಆ ಅಂಗಡಿಯವರಿಗೆ ಆವತ್ತು ತಿಳಿಯಿತು. ಪ್ಯಾಡು ಎರಡು ಸಾಕೆಂದರು, ಆರು ತೆಗೆದುಕೊಂಡೆ. ಕಣ್ಣಿಗೆ ಮರದ ಪುಡಿ ಬಿದ್ದರೆ ತೊಳೆಯಲು ನೀರಿನ ಬಾಟಲಿ, ಮುರಿದ ಕೈಗೆ ಕಟ್ಟುವ ದಬ್ಬೆ, ರಕ್ತ ಬೇಗ ಹೆಪ್ಪುಗಟ್ಟುವಂಥ ಔಷಧಿ ಹಚ್ಚಿದ ಬಟ್ಟೆ, ಒಂದು ಸೀಟಿ, ಎಲ್ಲವನ್ನೂ ಹಿಡಿಸುವ ಕೆಂಪು ಪೆಟ್ಟಿಗೆ. ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಮನೆಯಲ್ಲಿ ಗಂಡ ಮುಚ್ಚಳ ತೆಗೆದು ನೋಡಿ, "ಇದೇನ, ಪೂರಾ ದವಾಖಾನಿನ ಹೊತಗೊಂಡು ಬಂದೀಯಲ್ಲ! ಡಾಕ್ಟರ್ ಒಬ್ಬಾಂವ ಕಡಿಮಿ ಬಿದ್ದಾನ," ಎಂದರು. ಅಷ್ಟೆಲ್ಲ ಅಂದರೂ ಪ್ಯಾಡ್ ಹೇಗೆ ಒತ್ತಬೇಕು, ಗಾಯವಾದ ಕೈಯನ್ನು ಹೇಗೆ ಮೇಲೆತ್ತಿ ಹಿಡಿಯಬೇಕು ಎಂದು ನನ್ನ ಮೊಣಕೈ ಮೇಲೆಯೇ ಮಾಡಿ ತೋರಿಸಿದರು.

ಇಲ್ಲಿಯವರೆಗೆ ನನ್ನದು ತಪ್ಪಿಲ್ಲ. ಮುಂದಿನದು ಬ್ಯಾಂಕಿನವರು ಮಾತ್ರ ಮಾಡಬಲ್ಲ ತಪ್ಪು. ಹಿಂದೊಮ್ಮೆ ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಅಂತ ಇಟ್ಟಿದ್ದ ಔಷಧದ ಡಬ್ಬಿ ಮೂರೇ ತಿಂಗಳಲ್ಲಿ ಖಾಲಿಯಾಗಿತ್ತು. ಹತ್ತಿ ದೀಪದ ಬತ್ತಿಗೆ ಹೋಗಿತ್ತು, ಕತ್ತರಿ ಯಾರದೋ ಕರಿಬೇವಿನ ಗಿಡಕ್ಕೆ ಹೋಗಿತ್ತು. ಈ ಕೆಂಪು ಪೆಟ್ಟಿಗೆಗೂ ಹಾಗಾದರೆ? ಆಪತ್ತಿನ ಹೊತ್ತಿಗೆ ಪ್ಯಾಡೇ ಇರದಿದ್ದರೆ? ನಮ್ಮ ಬ್ಯಾಂಕಿನವರಿಗೆ ಯಾವುದಾದರೂ ವಸ್ತು ತುಂಬ ಮುಖ್ಯ ಅನಿಸಿದರೆ ಕೈ ತಾನಾಗಿ ಮಾಡುವ ಕೆಲಸ ಒಂದೇ, ಜಾಯಿಂಟ್ ಕಸ್ಟಡಿ. ಎರಡು ಬೀಗ, ಎರಡು ಕೀಲಿ, ಇಬ್ಬರು ಅಧಿಕಾರಿಗಳು. ಇಬ್ಬರೂ ಬಂದರೇ ಬಾಗಿಲು ತೆರೆಯಬೇಕು; ಎರಡೂ ಕೀಲಿ ಒಬ್ಬರ ಬಳಿ ಇರಕೂಡದು. ನೆಲಮಹಡಿಯ ಮೀಟರ್ ಕೋಣೆಯಲ್ಲಿ ಯಾವುದೋ ಶಾಖೆ ಬಿಸಾಕಿದ ಎರಡು ಬೀಗದ ಕಬ್ಬಿಣದ ಕಪಾಟಿತ್ತು. ಪೆಟ್ಟಿಗೆ ಅದರೊಳಗೆ ಹೋಯಿತು. ಒಂದು ಕೀಲಿ ನನಗೆ, ಇನ್ನೊಂದು ಪಕ್ಕದ ಬ್ಲಾಕಿನ ಭಟ್ಟರಿಗೆ. ಅವರು ಪುತ್ತೂರಿನ ಕಡೆಯವರು, ನಮ್ಮ ವಿಭಾಗದ ಇನ್ನೊಬ್ಬ ಅಧಿಕಾರಿ.

ಕೆಲಸ ಶುರುವಾದ ಮೇಲೆ ಪ್ರತಿದಿನ ಬೆಳಿಗ್ಗೆ ನಾನೂ ಭಟ್ಟರೂ ಬಂದು, ಇಬ್ಬರೂ ಕೀಲಿ ತಿರುಗಿಸಿ, ಒಳಗಿನ ಸಾಮಾನು ಪಟ್ಟಿಯಂತೆ ಇದೆಯೆಂದು ನೋಡಿ, ಮತ್ತೆ ಎರಡೂ ಬೀಗ ಹಾಕುತ್ತಿದ್ದೆವು. ಆಮೇಲೆ ಗರಗಸ ಶುರು ಮಾಡಲು ಹೇಳುತ್ತಿದ್ದೆ. ಅಪ್ಪಲರಾಜು ದೂರದಲ್ಲಿ ನಿಂತು ಕಪಾಟಿನ ಕಡೆಗೆ ಕೈಮುಗಿಯುತ್ತಿದ್ದರು. ಒಳಗೆ ದೇವರಿದ್ದಾನೆ ಎಂದುಕೊಂಡಿದ್ದರೋ ಏನೋ. ಈ ಕ್ರಮ ನನಗೆಷ್ಟು ಸಮಾಧಾನ ಕೊಟ್ಟಿತೆಂದರೆ ಎರಡು ದಿನ ನಿಜಕ್ಕೂ ನಿದ್ದೆ ಬಂತು.

ಮೂರನೆಯ ದಿನ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಗಂಡ ಡ್ಯೂಟಿಯಲ್ಲಿದ್ದರು. ಭಟ್ಟರು ಹಿಂದಿನ ದಿನವೇ ವಿಜಯವಾಡದ ಮಗಳ ಮನೆಗೆ ಹೋಗಿದ್ದರು. ಹೋಗುವ ಮುಂಚೆ ಕೀಲಿ ಕೊಡಲು ಬಂದಿದ್ದರು. ನಾನೇ, "ಎರಡೂ ನನ್ನ ಹತ್ತಿರ ಇರೋದು ನಿಯಮ ಅಲ್ಲ ಭಟ್ಟರೇ," ಎಂದು ತೆಗೆದುಕೊಂಡಿರಲಿಲ್ಲ. ಹಿಂದಿನ ದಿನ ನೋಡಿದ್ದೇ ಸಾಕೆಂದು ಅವತ್ತು ಕಪಾಟು ತೆರೆಯದೆಯೇ ಗರಗಸ ಶುರು ಮಾಡಲು ಹೇಳಿದ್ದೆ. ಬೆಳಿಗ್ಗೆ ಹನ್ನೊಂದರ ಸುಮಾರು. ನೀರಿನ ಟ್ಯಾಂಕಿನ ಪಕ್ಕದ ಮರದಲ್ಲಿ ಅಪ್ಪಲರಾಜು ಒಂದು ಕೈಯಲ್ಲಿ ಕೊಂಬೆ, ಒಂದು ಕೈಯಲ್ಲಿ ಗರಗಸ ಹಿಡಿದಿದ್ದರು. ನಾನು ಕೆಳಗೆ ಗೇಟಿನ ಹತ್ತಿರ ನಿಂತು ನನ್ನ ಪಾಡಿಗೆ ಹೆದರುತ್ತಿದ್ದೆ. ಕೊಂಬೆ ಅರ್ಧ ಸೀಳಿ ಮೇಲಕ್ಕೆ ಚಿಮ್ಮಿತು, ಗರಗಸ ಅವರ ಎಡಗೈ ಕಡೆಗೆ ಎಗರಿತು, ಆಮೇಲೆ ಅದರ ಸದ್ದು ನಿಂತಿತು. ಆ ಸದ್ದು ನಿಂತದ್ದೇ ನನಗೆ ಎಲ್ಲಕ್ಕಿಂತ ಭಯ ತಂದದ್ದು. ಅಪ್ಪಲರಾಜು ಗರಗಸವನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸಿ, ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈಯೊಂದರಲ್ಲೇ ಇಳಿದು ಬಂದರು. ಅಂಗಿಯ ಮುಂಭಾಗವೆಲ್ಲ ಕೆಂಪಾಗಿತ್ತು. "ಏಮೀ ಕಾದಮ್ಮಾ," ಎಂದು ಮಣ್ಣಿನ ಮೇಲೆ ಕೂತರು.

ಸಿಂಹಾಚಲಂ ಆಂಬ್ಯುಲೆನ್ಸಿಗೆ ಫೋನ್ ಮಾಡತೊಡಗಿದ. ನಾನು ಮೀಟರ್ ಕೋಣೆಗೆ ಓಡಿದೆ, ಹಿಂದೆಯೇ ಮಂಗಮ್ಮ ಓಡಿ ಬಂದಳು. ನನ್ನ ಕೀಲಿ ಹಾಕಿ ತಿರುಗಿಸಿದೆ. ಒಂದು ಬೀಗ ತೆರೆಯಿತು. ಇನ್ನೊಂದು ಹಾಗೇ ಇತ್ತು. ಅದರ ಮುಂದೆ ನಿಂತಾಗ ನನಗೆ ಆದ ಭಯ, ಇದುವರೆಗೆ ನಾನು ಹೆದರಿದ ಯಾವುದರಂತೆಯೂ ಇರಲಿಲ್ಲ. ಅಷ್ಟು ದಿನದ ಹೆದರಿಕೆಯೆಲ್ಲ ನನ್ನ ಸಲುವಾಗಿ ಇತ್ತು. ಇದು ಮಣ್ಣಿನ ಮೇಲೆ ಕೂತ ಆ ಮನುಷ್ಯನ ಕೈಯ ಸಲುವಾಗಿ. ಆ ಕೈ ಹೋದರೆ ಅವರು ಮತ್ತೆ ಮರ ಹತ್ತುವುದಿಲ್ಲ, ರಕ್ತ ನಿಲ್ಲದಿದ್ದರೆ ಮತ್ತೆ ಏಳುವುದೇ ಇಲ್ಲ, ಮತ್ತು ಬೀಗ ಹಾಕಿದವಳು ನಾನು. ಭಟ್ಟರಿಗೆ ಫೋನ್ ಮಾಡಿದೆ. "ಅಯ್ಯೋ ಮಾರಾಯ್ರೆ, ಕೀ ನನ್ನ ಕಿಸೆಯಲ್ಲೇ ಉಂಟಲ್ಲ! ಈಗ ರೈಲು ಹತ್ತಿದ್ರೂ ಸಂಜೆ ಆಗ್ತದೆ. ಒಡೀರಿ ಅದನ್ನು, ಒಡೀರಿ!" ಎಂದು ಅವರು ಕೂಗಿದರು. ನಾನು ಏನು ಹೇಳಿದೆ ಗೊತ್ತೇ? ಬರೆಯಲು ನಾಚಿಕೆಯಾಗುತ್ತದೆ. "ಒಡೆಯೋಕೆ ಸಾಕ್ಷಿ ಯಾರು ಭಟ್ಟರೇ?" ಎಂದೆ.

ಅವರ ಉತ್ತರ ನನಗೆ ಕೇಳಿಸಲಿಲ್ಲ. ಮಂಗಮ್ಮ ಹೊರಗಿನಿಂದ ಕೊಡಲಿ ತಂದು ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಹೊಡೆದಿದ್ದಳು. ಮೂರನೇ ಏಟಿಗೆ ಬಾಗಿಲು ಬಾಯಿಬಿಟ್ಟಿತು. ಪೆಟ್ಟಿಗೆ ಎತ್ತಿಕೊಂಡು ಓಡಿದೆವು. ಪ್ಯಾಡಿನ ಪ್ಲಾಸ್ಟಿಕ್ಕನ್ನು ಅವಳು ಹಲ್ಲಿನಿಂದ ಹರಿದುಕೊಟ್ಟಳು, ನಾನು ಗಾಯದ ಮೇಲಿಟ್ಟು ಎರಡೂ ಕೈಯಿಂದ ಒತ್ತಿದೆ. ಒತ್ತಿದ್ದು ನಿಜ, ಆದರೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಒತ್ತಿದ್ದು. "ಇನ್ನೂ ಈ ಕಡೆಗೆ ಅಮ್ಮಾ, ಹಾಂ, ಅಲ್ಲೇ, ಗಟ್ಟಿಯಾಗಿ," ಎಂದು ಮಂಗಮ್ಮ ದಾರಿ ಹೇಳುತ್ತಿದ್ದಳು. ಎತ್ತಿ ನೋಡಬಾರದೆಂದು ಆಟೋನಗರದಲ್ಲಿ ಹೇಳಿದ್ದರಲ್ಲ, ಆ ಒಂದು ವಿಷಯದಲ್ಲಿ ನನ್ನಷ್ಟು ವಿಧೇಯ ಶಿಷ್ಯೆ ಅವರಿಗೆ ಸಿಕ್ಕಿರಲಾರಳು. ಆಂಬ್ಯುಲೆನ್ಸ್ ಬರುವವರೆಗೆ ಹಾಗೇ ಕೂತಿದ್ದೆವು, ಅಪ್ಪಲರಾಜು ನಡುನಡುವೆ ನನಗೆ ಸಮಾಧಾನ ಹೇಳುತ್ತಿದ್ದರು.

ಬಂದವರು ನನ್ನ ಕೈ ಬಿಡಿಸಿ, ನೋಡಿ, "ಚೆನ್ನಾಗಿ ಒತ್ತಿದ್ದೀರಿ ಮೇಡಂ, ರಕ್ತ ನಿಂತಿದೆ," ಎಂದರು. ಜೀವನದಲ್ಲಿ ಮೊದಲ ಸಲ ನನಗೆ ನನ್ನ ಬಗ್ಗೆ ಹೆಮ್ಮೆ ಬಂತು. ಆ ಹೆಮ್ಮೆಯಲ್ಲಿ ಎದ್ದು ನಿಂತು ಕಣ್ಣು ಬಿಟ್ಟು ನನ್ನ ಎರಡೂ ಅಂಗೈ ನೋಡಿಕೊಂಡೆ. ಮುಂದಿನದು ನನಗೆ ನೆನಪಿಲ್ಲ. ಎಚ್ಚರವಾದಾಗ ಕಡಿದ ಕೊಂಬೆಗಳ ರಾಶಿಯ ಪಕ್ಕದಲ್ಲಿ ಬಿದ್ದಿದ್ದೆ, ಹಣೆ ಉರಿಯುತ್ತಿತ್ತು. ಆಂಬ್ಯುಲೆನ್ಸಿನವರು ಸ್ಟ್ರೆಚರನ್ನು ನನ್ನ ಪಕ್ಕಕ್ಕೆ ತಂದಿಟ್ಟಿದ್ದರು. ಕೈಗೆ ದಪ್ಪ ಬ್ಯಾಂಡೇಜು ಸುತ್ತಿಸಿಕೊಂಡ ಅಪ್ಪಲರಾಜು ತಾವೇ ನಡೆದು ವಾಹನ ಹತ್ತುವ ಮುಂಚೆ ಬಗ್ಗಿ ನನ್ನ ಮುಖ ನೋಡಿ, ಕೆಂಪು ಪೆಟ್ಟಿಗೆಯಿಂದ ಅಮ್ಮನವರಿಗೂ ಒಂದಿಷ್ಟು ಹಚ್ಚು ಎಂದು ಹೆಂಡತಿಗೆ ಹೇಳುತ್ತಿದ್ದರು.

ಅವರ ಕೈ ಉಳಿಯಿತು. ಹೊಲಿಗೆ ಹಾಕಿದ್ದಾರೆ, ಐದೂ ಬೆರಳು ಮಡಚುತ್ತವೆ. ನೋಡಲು ಹೋದಾಗ ನನಗೆ ಮಡಚಿ ತೋರಿಸಿದರು, ನಾನು ಅಲ್ಲೇ ಅತ್ತೆ. ಎರಡನೆಯ ಬೀಗದ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಎಂಬುದನ್ನು ನಾನು ಯಾರನ್ನೂ ಕೇಳಿಲ್ಲ, ಕೇಳುವ ಧೈರ್ಯವೂ ನನಗಿಲ್ಲ. ಈಗ ಪೆಟ್ಟಿಗೆ ಮರದ ಬುಡದಲ್ಲಿ, ಮುಚ್ಚಳ ತೆರೆದುಕೊಂಡೇ ಇರುತ್ತದೆ. ಅದಲ್ಲದೆ ಒಂದು ಪ್ಯಾಡು, ಒಂದು ಬ್ಯಾಂಡೇಜು, ಆ ಸೀಟಿ, ಇಷ್ಟನ್ನು ಮಂಗಮ್ಮ ಚೀಲದಲ್ಲಿ ಹೊಲಿದಿದ್ದಾಳೆ. ಸದ್ಯಕ್ಕೆ ಮರ ಹತ್ತುವ ಸಿಂಹಾಚಲಂ ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ಹತ್ತುತ್ತಾನೆ.

ಸೋಮವಾರ ಕಚೇರಿಯಿಂದ ಒಂದು ನಮೂನೆ ಬಂತು, ಎತ್ತರದಲ್ಲಿ ಕೆಲಸ ಮಾಡುವಾಗ ಆದ ಅಪಘಾತದ ವರದಿ, ಗಾಯಾಳು ಒಬ್ಬೊಬ್ಬರಿಗೆ ಒಂದೊಂದು ಪ್ರತಿ. ಪೆಟ್ಟಿಗೆ ಬಳಸಿದ್ದು ಇಬ್ಬರಿಗಾದ್ದರಿಂದ ನಾನು ಎರಡು ತುಂಬಬೇಕಾಯಿತು. ಸಂಜೆ ಹಣೆಯ ಪಟ್ಟಿ ಮುಟ್ಟಿಕೊಳ್ಳುತ್ತಾ ಊಟದ ಮೇಜಿನ ಮೇಲೆ ಬರೆಯುತ್ತಾ ಕೂತೆ. ಗಂಡ ಹೆಗಲ ಮೇಲಿಂದ ಓದುತ್ತಿದ್ದರು. 'ಗಾಯಾಳು ಎಷ್ಟು ಎತ್ತರದಿಂದ ಬಿದ್ದರು?' ಎಂಬ ಕಾಲಂ ಬಂತು. ಅಪ್ಪಲರಾಜುವಿನ ಪ್ರತಿಯಲ್ಲಿ, 'ಬಿದ್ದಿಲ್ಲ, ತಾವೇ ಇಳಿದು ಬಂದರು' ಎಂದು ಬರೆದೆ. "ಮರದ ತುದೀಗೆ ಇದ್ದಾಂವ ಬೀಳಲಿಲ್ಲ, ನೆಲದ ಮ್ಯಾಲ ನಿಂತಾಕಿ ಬಿದ್ದಿ ನೋಡ," ಎಂದರು ಗಂಡ. ನಾನು ನನ್ನ ಪ್ರತಿಯನ್ನು ಎಳೆದುಕೊಂಡೆ. ಸರಕಾರಿ ಕಾಗದದಲ್ಲಿ ಸುಳ್ಳು ಬರೆಯುವಂತಿಲ್ಲ. ಎಷ್ಟು ಎತ್ತರದಿಂದ ಬಿದ್ದರು ಎಂಬುದರ ಮುಂದೆ, ದುಂಡಗಿನ ಅಕ್ಷರದಲ್ಲಿ, 'ಐದು ಅಡಿ ಒಂದು ಇಂಚು' ಎಂದು ನನ್ನ ಎತ್ತರವನ್ನೇ ಬರೆದು ಸಹಿ ಹಾಕಿದೆ.