ಒಂದು ಜಗಳ ಬೇಕಾಗಿದೆ

ಬಕೆಟ್ಟಿನಲ್ಲಿದ್ದ ಕೊನೆಯ ಟವೆಲನ್ನು ಹಿಂಡಿ, ಕೊಡವಿ, ಇನ್ನೇನು ಹಗ್ಗಕ್ಕೆ ಹಾಕಬೇಕು ಅನ್ನುವಷ್ಟರಲ್ಲಿ ಲಾಯರಮ್ಮನ ಫೋನು ಬಡಿದುಕೊಂಡಿತು. ಮಾಡಿದವಳು ಸಹಪಾಠಿ. ಮಧ್ಯಸ್ಥಿಕೆಯ ವರದಿ ಕೊಟ್ಟಾಯಿತಾ, ಇವತ್ತು ಸಂಜೆ ಐದಕ್ಕೆ ಕೊನೆಯಂತೆ ಎಂದು ಹೇಳಿ ಅವಳು ಫೋನಿಟ್ಟಳು. ಟವೆಲು ಮತ್ತೆ ಬಕೆಟ್ಟಿಗೇ ಬಿತ್ತು.

ಲಾಯರಮ್ಮ ಇನ್ನೂ ಲಾಯರಾಗಿರಲಿಲ್ಲ. ಮೂವತ್ತಮೂರನೆಯ ವಯಸ್ಸಿನಲ್ಲಿ ಕಾನೂನು ಕಾಲೇಜಿಗೆ ಸೇರಿದ ದಿನವೇ ಆ ಮೂರಂತಸ್ತಿನ ಕಟ್ಟಡದವರು ಅವಳಿಗೆ ಹೆಸರಿಟ್ಟುಬಿಟ್ಟಿದ್ದರು. ಮೂರು ವರ್ಷ ಕಳೆದು ಪರೀಕ್ಷೆಗಳೆಲ್ಲ ಮುಗಿದಿದ್ದವು. ಉಳಿದಿದ್ದು ಒಂದೇ ಕೆಲಸ. ನಿಜವಾದ ಇಬ್ಬರ ನಿಜವಾದ ಜಗಳವೊಂದನ್ನು ಕೂರಿಸಿ, ಮಾತಾಡಿಸಿ, ರಾಜಿ ಮಾಡಿಸಬೇಕು. ಕಾಲೇಜಿನ ಮೊಹರು ಬಿದ್ದ ಒಂದೇ ಒಂದು ಹಾಳೆಯಲ್ಲಿ ಅದನ್ನು ಬರೆದು, ಎಲ್ಲರ ಸಹಿ ಹಾಕಿಸಿ ಕೊಡಬೇಕು. ಕೊಡದಿದ್ದರೆ ಪದವಿ ಮುಂದಿನ ವರ್ಷಕ್ಕೆ. ಅದಕ್ಕೆ ಇನ್ನೂ ಒಂದು ವಾರವಿದೆ ಎಂದುಕೊಂಡು ಅವಳು ಹಾಯಾಗಿ ಬಟ್ಟೆ ಒಗೆಯುತ್ತಿದ್ದಳು.

ಆದರೂ ಅವಳು ಅಷ್ಟೇನೂ ಹೆದರಲಿಲ್ಲ. ಜಗಳ ಒಂದು ಸಿದ್ಧವಾಗಿಯೇ ಇತ್ತು. ಮೇಲಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಹೂಕುಂಡಗಳಿಗೆ ನೀರು ಹಾಕಿದಾಗಲೆಲ್ಲ ಅದು ಕೆಳಗಿನ ಟೈಲರಂಗಡಿಯ ಬಟ್ಟೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಜಗಳವನ್ನು ಅವಳು ಎರಡು ವರ್ಷದಿಂದ, ಒಳ್ಳೆಯ ದಿನಕ್ಕೆಂದು ಎತ್ತಿಟ್ಟ ಹೊಸ ಬಟ್ಟೆಯಂತೆ, ಮುಟ್ಟದೆ ಕಾಪಾಡಿಕೊಂಡು ಬಂದಿದ್ದಳು.

ಹಾಳೆ ಹಿಡಿದು ಮೆಟ್ಟಿಲು ಇಳಿಯುವಾಗ ಏಳು ವರ್ಷದ ಪುಟ್ಟಿ ಸೆರಗು ಎಳೆದಳು.

“ಅಮ್ಮ, ಒಂದು ಕೇಳ್ಲಾ?”

“ಆಮೇಲೆ ಕಂದ.”

ಪುಟ್ಟಿ ಈಚೆಗೆ ಕೇಳುವುದೆಲ್ಲ ಕಪ್ಪು ಕೋಟಿನ ಬಗ್ಗೆಯೇ. ಮೊನ್ನೆ ಟೈಲರು ಆ ಕೋಟಿಗೆಂದು ತಾಯಿಯ ಅಳತೆ ತೆಗೆದುಕೊಳ್ಳುವಾಗ, ಇದನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ಕೇಳಿದ್ದಳು. ಜಗಳ ಬಿಡಿಸುವವರು ಎಂದಿದ್ದಳು ತಾಯಿ. ಅಂದಿನಿಂದ ಮಗು ಏನನ್ನೋ ಯೋಚಿಸುತ್ತಲೇ ಇತ್ತು.

ತಾಯಿಯ ಯೋಚನೆಯೂ ಕಡಿಮೆಯದಲ್ಲ. ಮೊದಲನೆಯ ವರ್ಷ ಅವಳು ದೊಡ್ಡ ನ್ಯಾಯಾಲಯದಲ್ಲಿ ಎದ್ದು ನಿಂತರೆ ನ್ಯಾಯಾಧೀಶರೇ ಕನ್ನಡಕ ಒರೆಸಿಕೊಂಡು ಕೇಳುವ ಕನಸು ಕಾಣುತ್ತಿದ್ದಳು. ಎರಡನೆಯ ವರ್ಷ ಸಣ್ಣ ನ್ಯಾಯಾಲಯವಾದರೂ ಸಾಕೆನ್ನಿಸಿತು. ಈಗ ಕೊನೆಗೆ ಬಂದಾಗ ಕನಸು ಒಂದು ಕೋಣೆಗೆ ಇಳಿದಿತ್ತು. ಒಂದು ಮೇಜು, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ. ಆಚೆ ನಿಂತು ‘ನನ್ನ ಕಾಲುಚೀಲ ಎಲ್ಲಿ’ ಎಂದು ಯಾರೂ ಕೇಳಕೂಡದು.

ಮೆಟ್ಟಿಲ ಬುಡದಲ್ಲಿ ಅತ್ತೆ ಎಂದಿನಂತೆ ಬಟಾಣಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಆ ವಯಸ್ಸಿನಲ್ಲೂ ಅವರ ಕೈ ಎಷ್ಟು ಚುರುಕು ಎಂದು ಸೊಸೆಗೆ ಬೆರಗು. ಒಬ್ಬರೇ ಕೂತು ಒಂದು ಗಂಟೆಯಲ್ಲಿ ಬುಟ್ಟಿ ಖಾಲಿ ಮಾಡಿಬಿಡುತ್ತಿದ್ದರು. ಶಾಲೆಗೆ ರಜೆ ಬಂದಾಗಿನಿಂದ ಪುಟ್ಟಿ ಬೆಳಗಿನಿಂದ ಸಂಜೆವರೆಗೆ ಅವರ ಪಕ್ಕದಲ್ಲೇ ಇರುತ್ತಿದ್ದಳು.

“ಏನಮ್ಮ, ಎತ್ತ ಹೊರಟೆ?”

“ಜಗಳ ಹುಡುಕೋಕೆ ಅತ್ತೆ.”

“ಇಷ್ಟು ಹೊತ್ತಿಗೇ ಹೋದ್ರೆ ಸಿಗಲ್ಲ. ತಿಂಡಿ ತಿಂದು ಹೋಗು” ಎಂದರು ಅತ್ತೆ. ಅವಳು ಕೇಳಿಸಿಕೊಳ್ಳಲಿಲ್ಲ.

ಟೈಲರಂಗಡಿಗೆ ಇನ್ನೂ ಬೀಗ. ಹಾಗಾಗಿ ಮತ್ತೆ ಮೂರಂತಸ್ತು ಹತ್ತಿದಳು. ಡ್ರಿಲ್ ಮೇಷ್ಟ್ರು ಬಾಗಿಲಲ್ಲೇ ಕೈಕಾಲು ಬೀಸುತ್ತ ಕುಪ್ಪಳಿಸುತ್ತಿದ್ದರು. ಟೈಲರ ಜೊತೆಗಿನ ಜಗಳ ಬೇಕಿತ್ತು ಎಂದು ಇವಳು ಕೇಳಿದಾಗ ಕುಪ್ಪಳಿಸುವುದನ್ನು ನಿಲ್ಲಿಸಿದರು.

“ಅದು ಹೋದ ವಾರಾನೇ ಮುಗೀತಲ್ಲಮ್ಮ.”

ನೋಡಿದರೆ ನಿಜ. ಪ್ರತಿ ಕುಂಡದ ಕೆಳಗೂ ಒಂದೊಂದು ತಟ್ಟೆ. ಹೇಗೆ ಮುಗಿಯಿತು ಎಂದು ಹೇಳಲು ಅವರು ಬಾಯಿ ತೆರೆದರು. ಇವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು, ಬಸ್ಸು ತಪ್ಪಿದವರ ಹಾಗೆ.

ಇಡೀ ಬೀದಿ ತಿರುಗಿದಳು. ಬೇಕರಿಯವನಿಗೂ ಪಕ್ಕದ ಸೈಕಲ್ ಅಂಗಡಿಯವನಿಗೂ ನೆರಳಿನ ಜಾಗಕ್ಕಾಗಿ ಆಗುತ್ತಿದ್ದ ಕಿತ್ತಾಟ ಕೇಳಿದರೆ, ಅದೂ ಬಗೆಹರಿದು ತಿಂಗಳಾಗಿತ್ತು. ಎಲ್ಲಿ ಹೋದರೂ ಜನ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ನಗುತ್ತಿದ್ದರು. ಇಂಥ ದರಿದ್ರ ಶಾಂತಿಯನ್ನು ಅವಳು ಕಂಡಿರಲಿಲ್ಲ. ಮೂರು ಗಂಟೆಯಾಯಿತು.

ಮರಳಿ ಬರುವಾಗ ಟೈಲರು ಅವಳ ಕಪ್ಪು ಕೋಟಿಗೆ ಗುಂಡಿ ಹೊಲಿಯುತ್ತ ಕೂತಿದ್ದರು. ಕೋಟು ನೋಡಿದೊಡನೆ ಲಾಯರಮ್ಮ ಅಲ್ಲೇ ನಿಂತಳು. ಕಾನೂನು ಓದಿದವಳು ಎಂದೂ ಮಾಡಬಾರದ ಕೆಲಸ ಮಾಡಿದಳು. ಮೇಷ್ಟ್ರ ಹೊಸ ಪ್ಯಾಂಟು ಸೊಂಟದಲ್ಲಿ ತೀರಾ ಬಿಗಿಯಂತೆ, ಬಗ್ಗೋಕೂ ಆಗಲ್ಲವಂತೆ ಎಂದುಬಿಟ್ಟಳು.

ಟೈಲರು ಸೂಜಿ ಚುಚ್ಚಿಟ್ಟು ಎದ್ದರು. “ಹಾಗಂದ್ರಾ?”

ಎರಡು ನಿಮಿಷದಲ್ಲಿ ಮೆಟ್ಟಿಲ ಮೇಲೆ ಜಗಳ ಹತ್ತಿಕೊಂಡಿತು. ಲಾಯರಮ್ಮನಿಗೆ ಖುಷಿಯೋ ಖುಷಿ. ಒಳಗಿನಿಂದ ಮೂರು ಕುರ್ಚಿ ತಂದು ಇಬ್ಬರನ್ನೂ ಕೂರಿಸಿದಳು, ಕುಡಿಯಲು ನೀರಿಟ್ಟಳು, ಪುಸ್ತಕದಲ್ಲಿ ಹೇಳಿದ ಹಾಗೆ ಗಂಟಲು ಸರಿಮಾಡಿಕೊಂಡು, ಇಬ್ಬರೂ ಮೊದಲು ತಮ್ಮ ಪರಿಚಯ ಮಾಡಿಕೊಳ್ಳಬೇಕು ಎಂದಳು.

ಇಪ್ಪತ್ತು ವರ್ಷದಿಂದ ಒಂದೇ ಕಟ್ಟಡದಲ್ಲಿರುವ ಇಬ್ಬರೂ ಅವಳನ್ನು ದುರುಗುಟ್ಟಿ ನೋಡಿದರು.

“ನನ್ನ ಸೊಂಟದ ಸುದ್ದಿ ನಾನು ಯಾರ ಹತ್ರ ಎತ್ತಿದೀನಿ?” ಎಂದರು ಮೇಷ್ಟ್ರು.

“ನೀವಲ್ವಾ ಮೇಷ್ಟ್ರೇ? ಮತ್ತೆ ನೀವೇ ಅಂದ್ರಿ ಅಂತ ಲಾಯರಮ್ಮ ಹೇಳಿದ್ರು” ಎಂದರು ಟೈಲರು.

ಇಬ್ಬರ ಮುಖವೂ ಒಟ್ಟಿಗೆ ಇವಳ ಕಡೆ ತಿರುಗಿತು. ಒಬ್ಬರಿಗೆ ಸೊಂಟದ ಅವಮಾನ, ಇನ್ನೊಬ್ಬರಿಗೆ ಹೊಲಿಗೆಯ ಅವಮಾನ. ಬಾಗಿಲುಗಳೆಲ್ಲ ತೆರೆದುಕೊಂಡವು. ಬೆಳಗಿನಿಂದ ಇವಳು ಯಾರ ಯಾರ ಹಳೆಯ ಜಗಳ ಕೆದಕಿದ್ದಳೋ ಅವರೆಲ್ಲ ಹಿಂದೆಯೇ ಬಂದು ನಿಂತರು. ಲಾಯರಮ್ಮ ನೀರಿನ ಲೋಟ ಎತ್ತಿ ತಾನೇ ಕುಡಿದಳು.

ಆಗ ಮೆಟ್ಟಿಲ ಬುಡದಿಂದ ಅತ್ತೆ ನಿಧಾನವಾಗಿ ಎದ್ದು ಬಂದರು. ಯಾರನ್ನೂ ಗದರಲಿಲ್ಲ. ಮೇಷ್ಟ್ರ ಮಡಿಲಿಗೆ ಒಂದು ಬೊಗಸೆ ಬಟಾಣಿಕಾಯಿ, ಟೈಲರ ಮಡಿಲಿಗೆ ಒಂದು ಬೊಗಸೆ, ಸೊಸೆಗೂ ಒಂದು ಬೊಗಸೆ ಹಾಕಿದರು.

“ಸುಲೀತಾ ಮಾತಾಡಿ.”

ಎಲ್ಲರೂ ರೂಢಿಯಿದ್ದವರ ಹಾಗೆ ಸುಲಿಯತೊಡಗಿದರು. ಕುಂಡದ ಜಗಳಕ್ಕೆ ಹೋದ ವಾರ ಅರ್ಧ ಬುಟ್ಟಿ ಹಿಡಿದಿತ್ತು ಎಂದು ಟೈಲರು ನೆನಪಿಸಿದರು. ನಮ್ಮದಕ್ಕೆ ಒಂದು ಬುಟ್ಟಿಯೇ ಬೇಕಾಯಿತು ಎಂದ ಬೇಕರಿಯವನು. ಲಾಯರಮ್ಮನ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ಇಷ್ಟು ವರ್ಷ ಅವಳು ಅಡುಗೆಗೆ ಹಾಕಿದ್ದು ಈ ಬೀದಿಯ ಜಗಳಗಳನ್ನೇ.

ಕಾಲು ಬುಟ್ಟಿ ಮುಗಿಯುವ ಹೊತ್ತಿಗೆ ಇದೂ ಮುಗಿಯಿತು. ಸೊಸೆ ತಪ್ಪಾಯಿತು ಅನ್ನಬೇಕು, ಒಂದು ವಾರ ಟೈಲರಂಗಡಿಯಲ್ಲಿ ಕೂತು ಗುಂಡಿ ಹೊಲಿಯಬೇಕು. ಟೈಲರು ಮೇಷ್ಟ್ರ ಪ್ಯಾಂಟನ್ನು ಎರಡು ಬೆರಳಷ್ಟು ಸಡಿಲ ಮಾಡಿಕೊಡಬೇಕು, ಯಾಕೆಂದರೆ ಅದು ನಿಜವಾಗಿಯೂ ಬಿಗಿಯಾಗಿತ್ತು. ಎಲ್ಲರೂ ನಕ್ಕರು. ಲಾಯರಮ್ಮನಿಗೂ ನಗು ತಡೆಯಲಾಗಲಿಲ್ಲ.

ನಗುತ್ತಲೇ ಹಾಳೆಗಾಗಿ ಕೈ ಚಾಚಿದಳು. ಅದು ಮೇಷ್ಟ್ರ ತೊಡೆಯ ಮೇಲಿತ್ತು. ಪಾಪ, ಸಮಯವಾಯಿತಲ್ಲ ಎಂದು ಅವರೇ ದುಂಡಗಿನ ಅಕ್ಷರದಲ್ಲಿ, ಶಾಯಿಯಲ್ಲಿ, ಎಲ್ಲವನ್ನೂ ತುಂಬಿ, ಅವಳದೊಂದು ಬಿಟ್ಟು ಉಳಿದವರ ಸಹಿಗಳನ್ನೂ ಹಾಕಿಸಿದ್ದರು. ಮೊದಲನೆಯ ಪಕ್ಷ: ಮೇಷ್ಟ್ರು ಮತ್ತು ಟೈಲರು. ಎರಡನೆಯ ಪಕ್ಷ, ತಪ್ಪೊಪ್ಪಿಕೊಂಡವರು: ಲಾಯರಮ್ಮ. ಮಧ್ಯಸ್ಥಿಕೆ ವಹಿಸಿದವರು: ಅತ್ತೆ.

“ಕಾನೂನು ಓದೋರ ಮನೆ ಕಾಗದ. ಸುಳ್ಳು ಇರಬಾರದು ನೋಡಮ್ಮ” ಎಂದರು ಮೇಷ್ಟ್ರು.

ಗಂಟೆ ನಾಲ್ಕೂ ಮುಕ್ಕಾಲು. ಟೈಲರು ಒಳಗೆ ಹೋಗಿ ಕಪ್ಪು ಕೋಟನ್ನು ಕೊಡವಿ ತಂದರು. ಗುಂಡಿಗಳು ಫಳಫಳ ಹೊಳೆಯುತ್ತಿದ್ದವು. ಪುಟ್ಟಿ ಕೋಟನ್ನು ನೋಡಿದಳು, ಬುಟ್ಟಿಯ ತಳದ ಸಿಪ್ಪೆ ಆಯುತ್ತಿದ್ದ ಅಜ್ಜಿಯನ್ನು ನೋಡಿದಳು, ಮತ್ತೆ ತಾಯಿಯ ಸೆರಗು ಎಳೆದಳು. ಈ ಸಲ ಅವಳು ಅಪ್ಪಣೆಗೆ ಕಾಯಲಿಲ್ಲ.

“ಅಮ್ಮ, ಜಗಳ ಬಿಡಿಸೋರು ಈ ಕೋಟು ಹಾಕ್ಕೋತಾರೆ ಅಂದಿದ್ದೆ. ದಿನಾ ಬಿಡಿಸೋದು ಅಜ್ಜಿ ಅಲ್ವಾ? ಮತ್ತೆ ನೀನ್ಯಾಕೆ ಅಳತೆ ಕೊಟ್ಟೆ?”