ಶುಕ್ರವಾರ ರಕ್ತ ಕೊಡದ ಅಮ್ಮ

ರಕ್ತ ತೆಗೆಯೋ ಕುರ್ಚಿ ಅಂದ್ರೆ ಬರೀ ಭಯ, ಅಳು ಅಂದ್ಕೊಂಡಿದ್ರೆ ಬಿಟ್ಬಿಡಿ. ದಿನಕ್ಕೊಂದು ತಮಾಷೆ ನಡೀದಿದ್ರೆ ನಂಗೇ ಅನುಮಾನ, ಇವತ್ತು ರಜಾನಾ ಅಂತ. ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಸ್ತನ ಕ್ಯಾನ್ಸರ್ ಇರೋ ಹೆಂಗಸರ ರಕ್ತದ ಮೇಲೆ ಅಲ್ಲೊಂದು ಅಧ್ಯಯನ ನಡೀತಿತ್ತು. ಆ ಪಟ್ಟಿಯಲ್ಲಿ ಬಾಗಲೂರಿನ ಒಬ್ಬ ಅಮ್ಮ. ಕಾಯಿಲೆ ವಾಸಿಯಾಗುತ್ತೋ ಇಲ್ವೋ ಅಂತ ಮನೆಯವರೆಲ್ಲ ಕಂಗಾಲಾಗಿದ್ರೆ, ಅಮ್ಮ ನನ್ನ ಜೀವ ತಿಂದುಹಾಕಿದ್ರು.

೧. ತುಕ್ಕು

"ಯಾತಕ್ಕವ್ವಾ ಈ ರಕ್ತ?" ಅಂದ್ರು.

ಆಕ್ಸಿಡೇಟಿವ್ ಸ್ಟ್ರೆಸ್ ಅಂದ್ರೆ ಯಾರಿಗರ್ಥ ಆಗ್ಬೇಕು? "ಕಬ್ಬಿಣಕ್ಕೆ ತುಕ್ಕು ಹಿಡಿಯೋ ಥರ ಮೈಯೊಳಗೂ ಆಗುತ್ತಮ್ಮ. ಎಷ್ಟಾಗಿದೆ ಅಂತ ನೋಡ್ತೀವಿ" ಅಂದೆ.

ಹೋಲಿಸಿ ನೋಡೋಕೆ ಆರೋಗ್ಯವಾಗಿರೋರ ರಕ್ತವೂ ಬೇಕಿತ್ತು. ಜೊತೆಗೆ ಬಂದಿದ್ದ ಓರಗಿತ್ತಿ ಒಪ್ಪಿಕೊಂಡ್ರು. ಅಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ರು: "ಅವಳ್ದು ಎರಡು ಸಲ ನೋಡವ್ವ. ಮೂವತ್ತು ವರ್ಸ ಒಂದೇ ಒಲೆ ಮುಂದೆ ಇದೀವಿ. ತುಕ್ಕು ಯಾರ್ದು ಜಾಸ್ತಿ ಅಂತ ನಂಗೊತ್ತು!"

೨. ಉಪವಾಸ

ಮುಂದಿನ ಸಲ, ಗುರುವಾರ, ಉಪವಾಸ ಇದ್ದು ಬನ್ನಿ ಅಂದಿದ್ದೆ.

"ಏನೂ ತಿಂದಿಲ್ಲ ತಾನೇ?"

"ಅನ್ನ ಮುಟ್ಟಿಲ್ಲ ಕಣವ್ವ. ಏಕಾದಸಿ ಥರ ಕಟ್ಟುನಿಟ್ಟು. ಒಸಿ ಅವಲಕ್ಕಿ, ಎಲ್ಡು ಬಾಳೆಅಣ್ಣು, ಒಂದು ಲೋಟ ಆಲು, ಅಷ್ಟೇಯ."

ತಲೆ ಚಚ್ಕೊಂಡು, ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದೆ. ಅಮ್ಮ ಚೀಲದಿಂದ ಇನ್ನೊಂದು ಹಣ್ಣು ತೆಗೆದು ನನ್ನ ಕೈಗಿಟ್ರು. "ಮುಖ ಬಾಡೋಗದೆ. ನೀನೂ ಉಪವಾಸ ಮಾಡು!"

೩. ಲಕ್ಷ್ಮಿ

ಮಾರನೇ ದಿನ ನಿಜವಾಗಲೂ ಖಾಲಿ ಹೊಟ್ಟೆಯಲ್ಲೇ ಬಂದ್ರು. ಆದ್ರೆ ಕೈ ಮಾತ್ರ ಸೆರಗಿನೊಳಗೆ.

"ಸುಕ್ರವಾರ ಮೊಸರಿನ ಎಪ್ಪೂ ಮನೆಯಿಂದ ಆಚೆ ಕೊಡಲ್ಲ, ರಕ್ತ ಕೊಡ್ತೀನಾ? ಲಕ್ಷ್ಮಿ ಎದ್ದೋಯ್ತಾಳೆ."

"ಮತ್ತೆ ಎರಡು ಬಸ್ ಬದಲಾಯಿಸಿ ಯಾಕೆ ಬಂದ್ರಿ?"

"ನೀನು ಕಾಯ್ತಿರ್ತೀಯಲ್ಲ, ಬರಾಕಿಲ್ಲ ಅಂತ ಏಳ್ಬುಟ್ಟು ಓಗಾನ ಅಂತ ಬಂದೆ."

೪. ಫೈಲು

ಆಪರೇಷನ್ ಆಯ್ತು, ಕೀಮೋ ಮುಗೀತು, ಉದುರಿದ ಕೂದಲು ಮತ್ತೆ ಚಿಗುರಿತು. ಕೊನೇ ರಿಪೋರ್ಟು ಬಂದಿದ್ದು, ಗ್ರಹಚಾರ ನೋಡಿ, ಶುಕ್ರವಾರವೇ. ಡಾಕ್ಟರ್ ಕೋಣೆಗೆ ಅಮ್ಮ, ಓರಗಿತ್ತಿ ಇಬ್ಬರೂ ನನ್ನನ್ನೂ ಎಳ್ಕೊಂಡು ಹೋದ್ರು.

ಡಾಕ್ಟರ್ ಫೈಲು ಚಾಚಿದ್ರು. ಅಮ್ಮ ಎರಡೂ ಕೈ ಬೆನ್ನ ಹಿಂದೆ ಮಡಗಿಕೊಂಡ್ರು.

"ತಡೀರಿ ಡಾಕ್ಟ್ರೇ. ಇವತ್ತು ಸುಕ್ರವಾರ. ನೀವೂ ಏನೂ ಕೊಡಂಗಿಲ್ಲ. ಕೊಟ್ರೂ ಕಾಯ್ಲೆ ಮಾತ್ರ ನಾನು ಇಸ್ಕೊಳಾಕಿಲ್ಲ."

ಡಾಕ್ಟರ್ ನಕ್ಕುಬಿಟ್ರು. "ಕೊಡೋಕೆ ಕಾಯಿಲೆಯೇ ಉಳಿದಿಲ್ಲ ಕಣಮ್ಮ. ಎಲ್ಲೂ ಕಾಣ್ತಿಲ್ಲ. ಗೆದ್ರಿ ನೀವು!"

ಓರಗಿತ್ತಿ ಗೊಳೋ ಅಂತ ಅತ್ರು. ಅವರನ್ನ ನೋಡಿ ನಾನೂ ಶುರು ಹಚ್ಕೊಂಡೆ. ಅಮ್ಮ ಫೈಲು ಕಿತ್ಕೊಂಡು, ಅದರಲ್ಲೇ ಇಬ್ಬರ ಬೆನ್ನಿಗೂ ಒಂದೊಂದು ಬಾರಿಸಿದ್ರು.

"ಸಾಕು ನಿಲ್ಸ್ರೇ! ನೀರು ಬಿದ್ರೆ ತುಕ್ಕು ಇಡೀತದೆ!"