'ರೈವಲ್' ಪದಕ್ಕೆ ಕೊಟ್ಟ ಹುಂಜ

'ರೈವಲ್' ಎಂಬ ಒಂದೇ ಒಂದು ಇಂಗ್ಲಿಷ್ ಪದ ಕಲಿಯಲು ನನಗೆ ಒಂದು ಹುಂಜ ಖರ್ಚಾಯಿತು. ಅದೂ ಮಾನಂದವಾಡಿ ಸಂತೆಯನ್ನೆಲ್ಲ ಸುತ್ತಿ, ಚೌಕಾಸಿ ಮಾಡಿ ತಂದ ಕೆಂಪು ಪುಕ್ಕದ ಹುಂಜ. ದುಬಾರಿ ಅನ್ನಿಸಿದರೆ ಕಾರಣ ಕೇಳಿ.

ತಿರುನೆಲ್ಲಿ ಕಡೆ ನನ್ನ ಗದ್ದೆಗೂ ಅದರ ಮೇಲಿನ ಮಲ್ಲಣ್ಣನ ಗದ್ದೆಗೂ ಒಂದೇ ತೋಡಿನ, ಅಂದರೆ ಸಣ್ಣ ಕಾಲುವೆಯ, ನೀರು. ಒಂದು ದಿನ ಅವನಿಗೆ, ಒಂದು ದಿನ ನನಗೆ. ಸರದಿಯವನು ಮಣ್ಣುಹೆಂಟೆಯಿಂದ ತೋಡಿಗೆ ಅಡ್ಡ ಕಟ್ಟುತ್ತಾನೆ. ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆಯವರು ಮುಟ್ಟಬಾರದು ಎಂಬುದು ನಮ್ಮ ಕಟ್ಟಳೆ. ಆ ವರ್ಷ ಮಲ್ಲಣ್ಣ ಕಟ್ಟಿದ, ಬಿಚ್ಚುವುದನ್ನು ಮರೆತ. ನನ್ನ ಪೈರು ಹಳದಿಗೆ ತಿರುಗಿತು. ಕೇಳಿದರೆ, "ಬಿಡ್ತೀನಿ ಕಣಣ್ಣೋ, ನಿನ್ ಪೈರೇನು ಓಡೋಗುತ್ತಾ?" ಎಂದ.

ತಾಲ್ಲೂಕು ಕಚೇರಿಗೆ ದೂರು ಕೊಡೋಣ ಎಂದುಕೊಂಡೆ. ಇಂಗ್ಲಿಷಿನಲ್ಲಿ ಬರೆದರೆ ಸಾಹೇಬರೇ ಓದುತ್ತಾರೆ, ಗುಮಾಸ್ತನ ಕೈ ಬೆಚ್ಚಗೆ ಮಾಡುವುದು ತಪ್ಪುತ್ತದೆ ಎಂಬುದು ನನ್ನ ಜಾಣತನ. ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿ ವೆಳ್ಳಮುಂಡದ ವರ್ಕಿ ಮಾಷ್ ಮನೆಗೆ ಹೋದೆ. ಪಾದ್ರಿಯಾಗಲು ಹೋಗಿ, ಲ್ಯಾಟಿನ್ ಕಲಿತು, ಮೇಷ್ಟರಾಗಿ ವಾಪಸಾದವರು ಅವರು.

"ಖಾರವಾದ ಪದ ಹಾಕಿ ಮಾಷೇ," ಎಂದೆ.

ಮಾಷ್ ಹುಂಜದ ತೊಡೆ ಹಿಸುಕಿ ನೋಡಿ, ಅದನ್ನು ಒಳಗೆ ಕಳಿಸಿ, ಮಲ್ಲಣ್ಣ ನನ್ನ 'ರೈವಲ್' ಎಂದು ಬರೆದರು. ಅಂದರೆ ಎದುರಾಳಿ. "ಆದರೆ ಮೂಲ ಕೇಳು. ಲ್ಯಾಟಿನ್ನಿನಲ್ಲಿ 'ರೀವುಸ್' ಅಂದ್ರೆ ತೋಡು. ಒಂದೇ ತೋಡಿನ ನೀರು ಬಳಸೋನು 'ರಿವಾಲಿಸ್'."

"ಮತ್ತೆ ಅದು ಜಗಳದ ಪದ ಹೇಗಾಯ್ತು?"

"ಎಡೋ ಸಿದ್ದಪ್ಪ, ಹುಂಜ ಹೊತ್ಕೊಂಡು ಬಂದೋನು ನೀನು. ನನ್ನ ಕೇಳ್ತೀಯಲ್ಲೋ!"

ಕಾಗದ ಮಡಿಸಿ ಕೊಡುತ್ತಾ ಮಾಷ್ ದನಿ ತಗ್ಗಿಸಿದರು. "ಇದು ನಕ್ಸಲರ ಕಾಲ. ಜಮೀನಿನ ಜಗಳ ಅಂದ್ರೆ ಸಾಕು, ಪೊಲೀಸ್ ಜೀಪು ಬರುತ್ತೆ. ಮೊದಲು ಹತ್ತಿಸೋದು ದೂರು ಕೊಟ್ಟೋನನ್ನೇ. ಜೀಪಿಗೆ ಲ್ಯಾಟಿನ್ ಬರಲ್ಲ."

ಹುಂಜ ವಾಪಸ್ ಕೇಳೋಣವೆಂದರೆ, ಅಷ್ಟರಲ್ಲಿ ಒಳಗಿನಿಂದ ಮಸಾಲೆ ಅರೆಯುವ ಸದ್ದು.

ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ನೇರ ತೋಡಿಗೆ ಬಂದೆ. ಮಲ್ಲಣ್ಣ ಬದುವಿನ ಮೇಲೆ ನಿಂತಿದ್ದ. ಪದದ ಕಥೆಯನ್ನೆಲ್ಲ ಒಪ್ಪಿಸಿದೆ.

"ಓಹೋ, ರೋಮಿನೋರೂ ನಮ್ಮಂಗೇನೆ! ಇದನ್ನ ಕಲಿಯಕ್ಕೆ ಏನು ಕೊಟ್ಟೆ?"

"ಹುಂಜ."

ಅವನು ನಕ್ಕು ನಕ್ಕು ಬದುವಿನ ಮೇಲೆ ಕುಕ್ಕರಿಸಿದ. "ಥೂ, ಅದೇ ಹುಂಜ ನನ್ ಮನೆಗೆ ತಂದಿದ್ರೆ ಮೊನ್ನೆನೇ ಬಿಚ್ಚಿ, ನಿನ್ನನ್ನೂ ಊಟಕ್ಕೆ ಕೂರಿಸ್ತಿದ್ನಲ್ಲೋ!" ನಗುತ್ತಲೇ ಎದ್ದು, ತನ್ನ ಕೈಯಿಂದಲೇ ಹೆಂಟೆ ಕಿತ್ತ. ನೀರು ನನ್ನ ಗದ್ದೆಗೆ ಇಳಿಯಿತು.

ಆದ್ದರಿಂದ ಓದುಗರೇ, ನೀರಿಗಾಗಿ ಹುಂಜ ಹೊರುವುದಿದ್ದರೆ ತೋಡಿನ ಮೇಲ್ಗಡೆಗೇ ಹೊರಿ. ಊಟದ ಹೊತ್ತಿಗೆ ತಲುಪುವಂತೆ ನೋಡಿಕೊಳ್ಳಿ. ಇನ್ನು ಇಷ್ಟು ದುಬಾರಿ ಪದವನ್ನು ನಿಮಗೆ ಪುಕ್ಕಟೆ ಕೊಟ್ಟುಬಿಟ್ಟೆನಲ್ಲ ಎಂಬುದು ನನಗೆ ಈಗ ಹೊಳೆಯುತ್ತಿದೆ. ಈ ಕಡೆ ಬಂದಾಗ ಒಂದು ಹೇಟೆಯಾದರೂ ತನ್ನಿ, ಸಾಕು.